ವೈ. ಎಸ್. ರಾಜಶೇಖರ ರೆಡ್ಡಿ

ಯೆದುಗುರಿ ಸಂದಿಂಟಿ ರಾಜಶೇಖರ ರೆಡ್ಡಿ (ಜುಲೈ 8, 1949 – ಸೆಪ್ಟೆಂಬರ್ 2, 2009) ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿದ್ದವರು, ಕಾಂಗ್ರೆಸ್ ಪಕ್ಷದ ನಾಯಕರು ಮತ್ತು ವೃತ್ತಿಯಿಂದ ವೈದ್ಯರು. ಜನರ ಬಾಯಲ್ಲಿ ಅವರು ವೈಎಸ್ಆರ್ ಎಂದೇ ಪ್ರಸಿದ್ಧರು. 2004ರಿಂದ 2009ರವರೆಗೆ ಒಂದು ಪೂರ್ಣ ಅವಧಿಯ ಆಡಳಿತ ನಡೆಸಿ, ಎರಡನೆಯ ಬಾರಿ ಅಧಿಕಾರಕ್ಕೆ ಬಂದ ನಾಲ್ಕನೆಯ ತಿಂಗಳಿನಲ್ಲಿ ಕರ್ನೂಲು ಜಿಲ್ಲೆಯ ನಲ್ಲಮಲ ಅರಣ್ಯದಲ್ಲಿ ಸಂಭವಿಸಿದ ಹೆಲಿಕಾಪ್ಟರ್ ಅಪಘಾತದಲ್ಲಿ ಮರಣ ಹೊಂದಿದರು. ಅವರ ವಿದ್ಯಾಭ್ಯಾಸದ ಬಹುಭಾಗ ಕನ್ನಡ ನಾಡಿನಲ್ಲಿ, ಅಂದರೆ ಬಳ್ಳಾರಿ ಮತ್ತು ಗುಲಬರ್ಗಾ (ಇಂದಿನ ಕಲಬುರಗಿ) ನಗರಗಳಲ್ಲಿ ನಡೆಯಿತು. ಆದ್ದರಿಂದ ಕಲ್ಯಾಣ ಕರ್ನಾಟಕದ ಜನರಿಗೆ ಅವರು ನೆರೆಯ ರಾಜ್ಯದ ಮುಖ್ಯಮಂತ್ರಿ ಮಾತ್ರವಾಗಿರಲಿಲ್ಲ.

ಜನನ ಮತ್ತು ಬಾಲ್ಯ

ರಾಜಶೇಖರ ರೆಡ್ಡಿಯವರು ರಾಯಲಸೀಮೆಯ ಕಡಪ ಜಿಲ್ಲೆಯ ಜಮ್ಮಲಮಡುಗಿನಲ್ಲಿ ಜನಿಸಿದರು. ತಂದೆ ವೈ. ಎಸ್. ರಾಜಾ ರೆಡ್ಡಿ, ತಾಯಿ ಜಯಮ್ಮ. ಕುಟುಂಬದ ನೆಲೆ ಅದೇ ಜಿಲ್ಲೆಯ ಪುಲಿವೆಂದುಲ. ಇವರದು ಕ್ರೈಸ್ತ ಮನೆತನ. ಮಳೆ ಕಡಿಮೆ, ಬಿಸಿಲು ಹೆಚ್ಚು, ಹಳ್ಳಿಹಳ್ಳಿಗೂ ಬಣ ರಾಜಕೀಯ ಎಂಬಂತಿದ್ದ ಸೀಮೆ ಅದು. ತಂದೆಯವರು ಆ ಭಾಗದಲ್ಲಿ ಪ್ರಭಾವಿಗಳಾಗಿದ್ದರು; ಅವರಿಗೆ ವೈರಿಗಳೂ ಇದ್ದರು.

ಮಗನನ್ನು ಓದಲು ಬಳ್ಳಾರಿಯ ಸೇಂಟ್ ಜಾನ್ಸ್ ಶಾಲೆಗೆ ಕಳುಹಿಸಲಾಯಿತು. 1953ರವರೆಗೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ತೆಲುಗು ಮತ್ತು ಕನ್ನಡ ಒಂದೇ ಬೀದಿಯ ಭಾಷೆಗಳು. ರಾಯಲಸೀಮೆಯ ಅನುಕೂಲಸ್ಥರು ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಆ ಕಾಲದಲ್ಲಿ ವಿಶೇಷವಾಗಿರಲಿಲ್ಲ. ಮುಂದೆ ವಿಜಯವಾಡದ ಲೊಯೊಲಾ ಕಾಲೇಜಿನಲ್ಲಿ ಓದಿ, ವೈದ್ಯಕೀಯ ಶಿಕ್ಷಣಕ್ಕಾಗಿ ಗುಲಬರ್ಗಾಕ್ಕೆ ಬಂದರು.

ಗುಲಬರ್ಗಾದ ವರ್ಷಗಳು

ಮಹಾದೇವಪ್ಪ ರಾಂಪುರೆಯವರು ಮುಂದಾಳಾಗಿ 1958ರಲ್ಲಿ ಸ್ಥಾಪಿಸಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಗುಲಬರ್ಗಾದಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಎಂಬ ಹೆಸರಿನ ಈ ಕಾಲೇಜಿನ ಆರಂಭದ ತಂಡಗಳ ವಿದ್ಯಾರ್ಥಿಗಳಲ್ಲಿ ರಾಜಶೇಖರ ರೆಡ್ಡಿಯವರೂ ಒಬ್ಬರು. 1956ರವರೆಗೆ ಗುಲಬರ್ಗಾ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆ ಕೊನೆಗೊಂಡು ಎರಡು ದಶಕವೂ ಕಳೆದಿರಲಿಲ್ಲ. ಉನ್ನತ ಶಿಕ್ಷಣಕ್ಕೆ ಹೈದರಾಬಾದನ್ನೇ ನೋಡಬೇಕಾಗಿದ್ದ ಈ ಭಾಗಕ್ಕೆ ಸ್ವಂತದ ವೈದ್ಯಕೀಯ ಕಾಲೇಜು ಬಂದದ್ದು ಸಣ್ಣ ಸಂಗತಿಯಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ದೊಡ್ಡ ಕಾಯಿಲೆ ಎಂದರೆ ಗುಲಬರ್ಗಾವೇ ಗತಿ. ಹೆರಿಗೆಯ ತೊಡಕು, ಹಾವಿನ ಕಡಿತ, ಸುಟ್ಟ ಗಾಯ, ಯಾವುದೇ ಆದರೂ ಎತ್ತಿನ ಬಂಡಿಯಲ್ಲೋ ಬಸ್ಸಿನಲ್ಲೋ ನಗರದ ಆಸ್ಪತ್ರೆಯನ್ನು ಮುಟ್ಟಬೇಕಾಗಿತ್ತು. ಅಲ್ಲಿ ಕಲಿಯುತ್ತಿದ್ದ ವೈದ್ಯ ವಿದ್ಯಾರ್ಥಿಗಳು ನೋಡಿದ ರೋಗಿಗಳು ಹೆಚ್ಚಾಗಿ ಇಂತಹ ಒಣಭೂಮಿಯ ರೈತರು, ಕೂಲಿಕಾರರು. ಮುಂದೆ ಮುಖ್ಯಮಂತ್ರಿಯಾದಾಗ ತುರ್ತು ವಾಹನ ಮತ್ತು ಬಡವರ ಶಸ್ತ್ರಚಿಕಿತ್ಸೆಗೆ ಅವರು ಕೊಟ್ಟ ಆದ್ಯತೆಯನ್ನು ನೋಡುವಾಗ ಈ ಹಿನ್ನೆಲೆಯನ್ನು ಮರೆಯಲಾಗದು.

ಕಾಲೇಜಿನಲ್ಲಿ ಅವರು ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದರು. ಚುನಾವಣೆ ಗೆಲ್ಲುವ ಅಭ್ಯಾಸ ಅಲ್ಲಿಂದಲೇ ಆರಂಭವಾಯಿತು ಎನ್ನಬಹುದು. ಅವರ ಜೀವನದುದ್ದಕ್ಕೂ ಆಪ್ತ ಸ್ನೇಹಿತರೂ ಸಲಹೆಗಾರರೂ ಆಗಿದ್ದ ಕೆ. ವಿ. ಪಿ. ರಾಮಚಂದ್ರ ರಾವ್ ಅವರ ಪರಿಚಯವಾದದ್ದು ಗುಲಬರ್ಗಾದ ಈ ಕಾಲೇಜಿನಲ್ಲಿಯೇ. ಮುಂದೆ ರಾಜ್ಯಸಭಾ ಸದಸ್ಯರಾದ ರಾವ್ ಅವರು ವೈಎಸ್ಆರ್ ಸರ್ಕಾರದ ಸಲಹೆಗಾರರೂ ಆಗಿದ್ದರು.

ವೈದ್ಯ ವೃತ್ತಿ

ಎಂ.ಬಿ.ಬಿ.ಎಸ್. ಪದವಿಯ ನಂತರ ತಿರುಪತಿಯ ಎಸ್. ವಿ. ವೈದ್ಯಕೀಯ ಕಾಲೇಜಿನಲ್ಲಿ ಹೌಸ್ ಸರ್ಜನ್ ಆಗಿ ಕೆಲಸ ಮಾಡಿದರು. ಅಲ್ಲಿಯೂ ಹೌಸ್ ಸರ್ಜನ್‌ಗಳ ಸಂಘದ ನಾಯಕತ್ವ ಅವರದೇ. ಕೆಲಕಾಲ ಜಮ್ಮಲಮಡುಗಿನ ಮಿಷನ್ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದರು. 1973ರಲ್ಲಿ ಪುಲಿವೆಂದುಲದಲ್ಲಿ ತಂದೆಯ ಹೆಸರಿನಲ್ಲಿ 70 ಹಾಸಿಗೆಗಳ ಧರ್ಮಾಸ್ಪತ್ರೆಯನ್ನು ಸ್ಥಾಪಿಸಿದರು. ರೋಗಿಗಳಿಂದ ಹೆಸರಿಗೆ ಮಾತ್ರ ಶುಲ್ಕ ಪಡೆಯುತ್ತಿದ್ದುದರಿಂದ ಜನ ಅವರನ್ನು ಒಂದು ರೂಪಾಯಿ ಡಾಕ್ಟರ್ ಎಂದು ಕರೆದದ್ದುಂಟು. ವೈದ್ಯ ವೃತ್ತಿಯಲ್ಲಿ ಅವರು ಪೂರ್ಣಕಾಲ ಇದ್ದದ್ದು ಕೆಲವೇ ವರ್ಷ. ಪತ್ನಿ ವಿಜಯಲಕ್ಷ್ಮಿ (ವಿಜಯಮ್ಮ). ಮಕ್ಕಳು ಜಗನ್ ಮೋಹನ್ ರೆಡ್ಡಿ ಮತ್ತು ಶರ್ಮಿಳಾ.

ರಾಜಕೀಯ ಜೀವನ

1978ರಲ್ಲಿ ಪುಲಿವೆಂದುಲ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 1980ರಲ್ಲಿ ಟಿ. ಅಂಜಯ್ಯನವರ ಸಂಪುಟವನ್ನು ಸೇರಿ, 1983ರವರೆಗೆ ಗ್ರಾಮೀಣಾಭಿವೃದ್ಧಿ, ಆರೋಗ್ಯ, ಶಿಕ್ಷಣ ಮುಂತಾದ ಖಾತೆಗಳನ್ನು ನೋಡಿಕೊಂಡರು. ಆ ವರ್ಷ ಎನ್. ಟಿ. ರಾಮರಾವ್ ಅವರ ತೆಲುಗು ದೇಶಂ ಅಲೆಯಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಪುಲಿವೆಂದುಲ ಕೈಬಿಡಲಿಲ್ಲ. ಸೋತ ಪಕ್ಷದ ರಾಜ್ಯಾಧ್ಯಕ್ಷ ಸ್ಥಾನ 34ರ ಹರೆಯದ ಇವರಿಗೆ ಒಲಿಯಿತು (1983–85). 1989, 1991, 1996 ಮತ್ತು 1998ರಲ್ಲಿ ಕಡಪ ಲೋಕಸಭಾ ಕ್ಷೇತ್ರದಿಂದ ಗೆದ್ದರು. ಇವುಗಳಲ್ಲಿ 1996ರ ಗೆಲುವು ಸುಮಾರು 5 ಸಾವಿರ ಮತಗಳ ಅಂತರದ್ದು, ಕೂದಲೆಳೆಯದ್ದೇ. ಆದರೂ ತಾವು ಸ್ಪರ್ಧಿಸಿದ ಯಾವ ಚುನಾವಣೆಯಲ್ಲಿಯೂ ಅವರು ಸೋಲಲಿಲ್ಲ.

ಹೀಗೆ ಗೆಲ್ಲುತ್ತಲೇ ಇದ್ದರೂ ಮುಖ್ಯಮಂತ್ರಿ ಪದವಿ ಬಹುಕಾಲ ದೂರವೇ ಉಳಿಯಿತು. ಚೆನ್ನಾ ರೆಡ್ಡಿ, ಜನಾರ್ದನ ರೆಡ್ಡಿ, ವಿಜಯಭಾಸ್ಕರ ರೆಡ್ಡಿ ಮೊದಲಾದ ಹಿರಿಯರ ಕಾಲದಲ್ಲಿ ಅವರು ಪಕ್ಷದೊಳಗಿನ ಭಿನ್ನಮತೀಯರೆಂದೇ ಗುರುತಾಗಿದ್ದರು. 1998ರಲ್ಲಿ ಎರಡನೆಯ ಬಾರಿ ರಾಜ್ಯಾಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳಲ್ಲಿ ತಂದೆ ರಾಜಾ ರೆಡ್ಡಿಯವರು ಬಣ ವೈಷಮ್ಯದ ಬಾಂಬ್ ದಾಳಿಗೆ ಬಲಿಯಾದರು.

1999ರಿಂದ 2004ರವರೆಗೆ ವಿಧಾನಸಭೆಯ ವಿರೋಧ ಪಕ್ಷದ ನಾಯಕರು. ಚಂದ್ರಬಾಬು ನಾಯ್ಡು ಅವರ ಸರ್ಕಾರ ಹೈದರಾಬಾದನ್ನು ಮಾಹಿತಿ ತಂತ್ರಜ್ಞಾನದ ನಗರವಾಗಿ ಬೆಳೆಸುತ್ತಿದ್ದ ದಿನಗಳವು. ಇತ್ತ ತೆಲಂಗಾಣ ಮತ್ತು ರಾಯಲಸೀಮೆಯಲ್ಲಿ ಸತತ ಬರ, ಬತ್ತಿದ ಕೊಳವೆಬಾವಿಗಳು, ರೈತರ ಆತ್ಮಹತ್ಯೆ. 2000ದಲ್ಲಿ ವಿದ್ಯುತ್ ದರ ಏರಿಕೆಯ ವಿರುದ್ಧ ನಡೆದ ಚಳವಳಿಯಲ್ಲಿ ಹೈದರಾಬಾದಿನ ಬಷೀರ್‌ಬಾಗ್‌ನಲ್ಲಿ ಗೋಲಿಬಾರ್ ನಡೆಯಿತು. ರೈತರ ವಿದ್ಯುತ್ ಬಿಲ್ಲು ಮುಂದಿನ ಚುನಾವಣೆಯ ಮುಖ್ಯ ವಿಷಯವಾಗಲಿದೆ ಎಂಬುದನ್ನು ಬೇಗ ಗ್ರಹಿಸಿದವರು ರಾಜಶೇಖರ ರೆಡ್ಡಿ.

2003ರ ಪಾದಯಾತ್ರೆ

ಏಪ್ರಿಲ್ 9, 2003ರಂದು ರಂಗಾರೆಡ್ಡಿ ಜಿಲ್ಲೆಯ ಚೇವೆಳ್ಳದಿಂದ ಕಾಲ್ನಡಿಗೆ ಆರಂಭಿಸಿ, ಜೂನ್ 15ರಂದು ಒಡಿಶಾ ಗಡಿಯ ಇಚ್ಛಾಪುರದಲ್ಲಿ ಮುಗಿಸಿದರು. ನಡೆದ ದೂರ ಸುಮಾರು 1,470 ಕಿಲೋಮೀಟರ್. ಆಂಧ್ರದ ಕಡುಬೇಸಿಗೆಯಲ್ಲಿ, 53ರ ವಯಸ್ಸಿನಲ್ಲಿ ಕೈಗೊಂಡ ಯಾತ್ರೆಯಿದು. ರಾಜಮಹೇಂದ್ರಿಯಲ್ಲಿ ಬಿಸಿಲಿನ ಬೇಗೆಗೆ ಅಸ್ವಸ್ಥರಾಗಿ ಕೆಲವು ದಿನ ನಿಲ್ಲಬೇಕಾಯಿತು. ದಾರಿಯುದ್ದಕ್ಕೂ ಕೇಳಿದ ದೂರುಗಳೇ ಪಕ್ಷದ ಚುನಾವಣಾ ಭರವಸೆಗಳಾದವು. ಬಿಳಿ ಪಂಚೆ, ಬಿಳಿ ಅಂಗಿ, ನಗುಮುಖ ಮತ್ತು ಮೇಲೆತ್ತಿದ ಕೈ, ಇಂದಿಗೂ ಪ್ರತಿಮೆಗಳಲ್ಲಿ ಕಾಣುವ ಈ ಚಿತ್ರ ಜನಮನದಲ್ಲಿ ನಿಂತದ್ದು ಆ ಬೇಸಿಗೆಯಲ್ಲಿ.

ಮುಖ್ಯಮಂತ್ರಿಯಾಗಿ

2004ರ ಚುನಾವಣೆಯಲ್ಲಿ ಕಾಂಗ್ರೆಸ್ ಮೈತ್ರಿಕೂಟ ಜಯಗಳಿಸಿತು. ಮೇ 14ರಂದು ರಾಜಶೇಖರ ರೆಡ್ಡಿ ಪ್ರಮಾಣವಚನ ಸ್ವೀಕರಿಸಿ, ರೈತರಿಗೆ ಉಚಿತ ವಿದ್ಯುತ್ ನೀಡುವ ಕಡತಕ್ಕೆ ಮೊದಲ ಸಹಿ ಹಾಕಿದರು. ಎರಡು ವಾರಗಳ ನಂತರ, ಮೇ 28ರಂದು, ಜೇವರ್ಗಿಯ ಶಾಸಕರಾಗಿದ್ದ ಎನ್. ಧರ್ಮಸಿಂಗ್ ಕರ್ನಾಟಕದ ಮುಖ್ಯಮಂತ್ರಿಯಾದರು. ಹೀಗೆ ಕೆಲಕಾಲ ನೆರೆಯ ಎರಡು ರಾಜ್ಯಗಳ ಮುಖ್ಯಮಂತ್ರಿಗಳೂ ಗುಲಬರ್ಗಾವನ್ನು ಬಲ್ಲವರೇ ಆಗಿದ್ದರು.

ಅವರ ಯೋಜನೆಗಳಲ್ಲಿ ಬಹುಕಾಲ ಉಳಿದವು ಆರೋಗ್ಯಕ್ಕೆ ಸಂಬಂಧಿಸಿದವು. 2005ರಲ್ಲಿ ಆರಂಭವಾದ 108 ತುರ್ತು ವಾಹನ ಸೇವೆಯು ಸರ್ಕಾರದ ನೆರವಿನಿಂದ ರಾಜ್ಯದಾದ್ಯಂತ ಹರಡಿತು. ಕರ್ನಾಟಕವು 2008ರ ನವೆಂಬರ್‌ನಲ್ಲಿ ಅದನ್ನು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡಿತು. ಏಪ್ರಿಲ್ 2007ರಲ್ಲಿ ಮಹಬೂಬನಗರ, ಅನಂತಪುರ ಮತ್ತು ಶ್ರೀಕಾಕುಳಂ ಜಿಲ್ಲೆಗಳಲ್ಲಿ ರಾಜೀವ್ ಆರೋಗ್ಯಶ್ರೀ ಯೋಜನೆ ಆರಂಭವಾಯಿತು. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಬಡ ಕುಟುಂಬದವರು ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಡದೆ ಚಿಕಿತ್ಸೆ ಪಡೆಯಬಹುದು, ವೆಚ್ಚವನ್ನು ಸರ್ಕಾರ ಭರಿಸುತ್ತದೆ ಎಂಬುದು ಅದರ ತಿರುಳು. ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸಬೇಕಾದ ಹಣ ಖಾಸಗಿಯವರಿಗೆ ಹೋಯಿತು ಎಂಬ ಟೀಕೆ ಅಂದಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಮನೆಯ ಎತ್ತು, ಹೊಲ ಮಾರಿ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದ ಕುಟುಂಬಗಳಿಗೆ ಆ ವಾದ ಮುಖ್ಯವೆನಿಸಲಿಲ್ಲ. ಇದನ್ನು ಹೋಲುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರ್ಕಾರ 2010ರಲ್ಲಿ ಮೊದಲು ಜಾರಿಗೆ ತಂದದ್ದು ಗುಲಬರ್ಗಾ ವಿಭಾಗದಲ್ಲಿ. ರಾಜಶೇಖರ ರೆಡ್ಡಿ ವೈದ್ಯ ವಿದ್ಯೆ ಕಲಿತ ಊರಿಗೆ ಅವರ ಯೋಜನೆಯ ಮಾದರಿ ಬಂದು ತಲುಪಿದಾಗ ಅವರು ಬದುಕಿರಲಿಲ್ಲ.

ಶುಲ್ಕ ಮರುಪಾವತಿ, ಇಂದಿರಮ್ಮ ಗೃಹ ಯೋಜನೆ, ಸ್ವಸಹಾಯ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ, 2 ರೂಪಾಯಿಗೆ ಕಿಲೋ ಅಕ್ಕಿ, ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ಬಾಸರ, ನೂಜಿವೀಡು ಮತ್ತು ಇಡುಪುಲಪಾಯದಲ್ಲಿ ತಾಂತ್ರಿಕ ವಿದ್ಯಾಸಂಸ್ಥೆಗಳು ಇತರ ಮುಖ್ಯ ಕಾರ್ಯಕ್ರಮಗಳು.

ನೀರಾವರಿಗಾಗಿ ಕೈಗೆತ್ತಿಕೊಂಡ ಜಲಯಜ್ಞಂ ಅವರ ಅತ್ಯಂತ ದೊಡ್ಡ, ಅಷ್ಟೇ ವಿವಾದಾತ್ಮಕ ಯೋಜನೆ. ಪೋಲವರಂ, ಪುಲಿಚಿಂತಲ, ಹಂದ್ರಿ–ನೀವಾ, ಪ್ರಾಣಹಿತ–ಚೇವೆಳ್ಳ ಮುಂತಾದ ಹತ್ತಾರು ಕಾಮಗಾರಿಗಳು ಏಕಕಾಲಕ್ಕೆ ಆರಂಭವಾದವು. ಗುತ್ತಿಗೆಗಳ ಬಗ್ಗೆ ವಿರೋಧ ಪಕ್ಷಗಳು ಭ್ರಷ್ಟಾಚಾರದ ಆರೋಪ ಹೊರಿಸಿದವು. ಕೃಷ್ಣಾ ನೀರಿನ ವಿಷಯದಲ್ಲಿ ಅವರ ಸರ್ಕಾರ ಕರ್ನಾಟಕದ ಎದುರು ಪಕ್ಷವಾಗಿತ್ತು. 2004ರಲ್ಲಿ ರಚನೆಯಾದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣದ ಮುಂದೆ ಆಂಧ್ರಪ್ರದೇಶವು ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸುವುದನ್ನು ವಿರೋಧಿಸಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುವ ಭೀಮೆಯೂ ಕೊನೆಗೆ ಕೃಷ್ಣೆಯನ್ನೇ ಸೇರುವುದರಿಂದ ಈ ವ್ಯಾಜ್ಯ ಇಲ್ಲಿನವರಿಗೆ ದೂರದ ಮಾತಾಗಿರಲಿಲ್ಲ. ಬಳ್ಳಾರಿಯ ಗಡಿಗೆ ಹೊಂದಿಕೊಂಡ ಓಬುಳಾಪುರಂ ಪ್ರದೇಶದ ಕಬ್ಬಿಣದ ಅದಿರು ಗಣಿಗಾರಿಕೆಯ ವಿವಾದವೂ ಅವರ ಆಡಳಿತವನ್ನು ಬೆನ್ನಟ್ಟಿತು.

ಅಕ್ಟೋಬರ್ 2004ರಲ್ಲಿ ಸರ್ಕಾರ ನಕ್ಸಲೀಯರೊಡನೆ ನೇರ ಮಾತುಕತೆ ನಡೆಸಿತು. ಮಾತುಕತೆಗೆಂದು ಅವರ ಪ್ರತಿನಿಧಿಗಳು ಹೊರಬಂದದ್ದು ನಲ್ಲಮಲ ಕಾಡಿನಿಂದ. ಕೆಲವೇ ತಿಂಗಳಲ್ಲಿ ಮಾತುಕತೆ ಮುರಿದುಬಿತ್ತು. ಅದೇ ಕಾಡು ಮುಂದೆ ಬೇರೊಂದು ಕಾರಣಕ್ಕೆ ಅವರ ಹೆಸರಿನೊಡನೆ ಸೇರಿಕೊಂಡಿತು.

2009ರ ಚುನಾವಣೆಯಲ್ಲಿ ಕಾಂಗ್ರೆಸ್ 294ರಲ್ಲಿ 156 ವಿಧಾನಸಭಾ ಸ್ಥಾನಗಳನ್ನೂ 42ರಲ್ಲಿ 33 ಲೋಕಸಭಾ ಸ್ಥಾನಗಳನ್ನೂ ಗೆದ್ದಿತು. ಕೇಂದ್ರದಲ್ಲಿ ಯುಪಿಎ ಸರ್ಕಾರ ಮರಳಿ ಬರಲು ಆಂಧ್ರದ ಈ 33 ಸ್ಥಾನಗಳ ಕೊಡುಗೆ ದೊಡ್ಡದು.

ಹೆಲಿಕಾಪ್ಟರ್ ಅಪಘಾತ

ಸರ್ಕಾರದ ಯೋಜನೆಗಳು ಹಳ್ಳಿಗಳನ್ನು ಮುಟ್ಟಿವೆಯೇ ಎಂದು ಮುನ್ಸೂಚನೆಯಿಲ್ಲದೆ ಹೋಗಿ ನೋಡುವ ರಚ್ಚಬಂಡ ಎಂಬ ಕಾರ್ಯಕ್ರಮವನ್ನು ಅವರು ಚಿತ್ತೂರು ಜಿಲ್ಲೆಯಿಂದ ಆರಂಭಿಸಬೇಕಿತ್ತು. ರಚ್ಚಬಂಡ ಎಂದರೆ ನಮ್ಮ ಊರ ಅರಳಿಕಟ್ಟೆ. ಸೆಪ್ಟೆಂಬರ್ 2, 2009ರ ಬೆಳಿಗ್ಗೆ 8.38ಕ್ಕೆ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣದಿಂದ ರಾಜ್ಯ ಸರ್ಕಾರದ ಬೆಲ್ 430 ಹೆಲಿಕಾಪ್ಟರ್ ಹೊರಟಿತು. ಅದು ಎರಡು ಎಂಜಿನ್‌ಗಳ ಚಿಕ್ಕ ಹೆಲಿಕಾಪ್ಟರ್. ಅದರಲ್ಲಿ ಮುಖ್ಯಮಂತ್ರಿಗಳೊಡನೆ ಅವರ ವಿಶೇಷ ಕಾರ್ಯದರ್ಶಿ ಪಿ. ಸುಬ್ರಹ್ಮಣ್ಯಂ, ಮುಖ್ಯ ಭದ್ರತಾಧಿಕಾರಿ ಎ. ಎಸ್. ಸಿ. ವೆಸ್ಲಿ, ಪೈಲಟ್‌ಗಳಾದ ಗ್ರೂಪ್ ಕ್ಯಾಪ್ಟನ್ ಎಸ್. ಕೆ. ಭಾಟಿಯಾ ಮತ್ತು ಕ್ಯಾಪ್ಟನ್ ಎಂ. ಎಸ್. ರೆಡ್ಡಿ ಇದ್ದರು.

ಹೈದರಾಬಾದಿನಿಂದ ಚಿತ್ತೂರಿಗೆ ನೇರ ದಾರಿ ಕೃಷ್ಣಾ ನದಿಯನ್ನು ದಾಟಿ ನಲ್ಲಮಲ ಬೆಟ್ಟಸಾಲಿನ ಮೇಲೆ ಹಾದುಹೋಗುತ್ತದೆ. ಆ ದಿನ ಅಲ್ಲಿ ದಟ್ಟ ಮಳೆಮೋಡ ಕವಿದಿತ್ತು. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಹೆಲಿಕಾಪ್ಟರಿನ ಸಂಪರ್ಕ ಕಡಿದುಹೋಯಿತು. ಮಳೆಯಿಂದಾಗಿ ಎಲ್ಲಿಯೋ ಇಳಿದಿರಬಹುದು, ರಸ್ತೆಯ ಮೂಲಕ ಬರುತ್ತಿರಬಹುದು ಎಂಬ ಸುದ್ದಿಗಳು ಹಗಲೆಲ್ಲ ಹರಡಿದವು, ಸಂಜೆಯಾದರೂ ಸುಳಿವಿರಲಿಲ್ಲ.

ಶೋಧ

ಹುಡುಕಾಟಕ್ಕೆ ಸುಮಾರು 5,000 ಕೇಂದ್ರ ಮೀಸಲು ಪೊಲೀಸರು, ರಾಜ್ಯ ಪೊಲೀಸರು, ಅರಣ್ಯ ಸಿಬ್ಬಂದಿ, ವಾಯುಪಡೆಯ ಹೆಲಿಕಾಪ್ಟರ್‌ಗಳು ನಿಯೋಜಿತರಾದರು. ಮೋಡದ ಮೂಲಕ ನೆಲವನ್ನು ನೋಡಬಲ್ಲ ರೇಡಾರ್ ಹೊತ್ತ ಸುಖೋಯ್ ವಿಮಾನವನ್ನೂ ಬಾಹ್ಯಾಕಾಶ ಸಂಸ್ಥೆಯ ಸಮೀಕ್ಷಾ ವಿಮಾನವನ್ನೂ ಬಳಸಲಾಯಿತು. ನೆಲದ ಮೇಲೆ ದಾರಿ ಬಲ್ಲವರು ಆ ಕಾಡಿನ ಚೆಂಚು ಬುಡಕಟ್ಟಿನ ಜನ. ಹುಲಿಗಳ ನೆಲೆಯಾದ, ರಸ್ತೆಗಳಿಲ್ಲದ, ಕಡಿದಾದ ಗುಡ್ಡಗಳ ಆ ಅರಣ್ಯದಲ್ಲಿ ರಾತ್ರಿಯ ಮಳೆಯಲ್ಲಿ ಮುಂದೆ ಸಾಗುವುದೇ ಕಷ್ಟವಾಗಿತ್ತು.

ಸೆಪ್ಟೆಂಬರ್ 3ರ ಬೆಳಿಗ್ಗೆ ವಾಯುಪಡೆಯ ಹೆಲಿಕಾಪ್ಟರ್ ಒಂದು ಕರ್ನೂಲಿನ ಪೂರ್ವಕ್ಕಿರುವ ರುದ್ರಕೊಂಡ ಬೆಟ್ಟದ ಬಳಿ, ಪಾವುರಾಲ ಗುಟ್ಟದಲ್ಲಿ, ಭಗ್ನಾವಶೇಷಗಳನ್ನು ಕಂಡಿತು. ಐವರೂ ಮೃತಪಟ್ಟಿದ್ದರು. ಇಳಿಯಲು ಜಾಗವಿಲ್ಲದ್ದರಿಂದ ಕಮಾಂಡೊಗಳು ಹಗ್ಗದ ಮೂಲಕ ಇಳಿದರು. ಶವಗಳನ್ನು ಕರ್ನೂಲಿಗೆ ತಂದು ಮರಣೋತ್ತರ ಪರೀಕ್ಷೆ ನಡೆಸಲಾಯಿತು. ಮರುದಿನ ಹೈದರಾಬಾದಿನಲ್ಲಿ ಸಾರ್ವಜನಿಕ ದರ್ಶನದ ನಂತರ ರಾಜಶೇಖರ ರೆಡ್ಡಿಯವರನ್ನು ಕಡಪ ಜಿಲ್ಲೆಯ ಇಡುಪುಲಪಾಯದಲ್ಲಿ ಸಮಾಧಿ ಮಾಡಲಾಯಿತು.

ತನಿಖೆ

ಕೇಂದ್ರ ಸರ್ಕಾರವು ಆರ್. ಕೆ. ತ್ಯಾಗಿ ನೇತೃತ್ವದಲ್ಲಿ ತನಿಖಾ ಸಮಿತಿಯನ್ನು ನೇಮಿಸಿತು. ಪೈಲಟ್‌ಗಳ ಮಾತುಗಳನ್ನು ದಾಖಲಿಸುವ ಯಂತ್ರ ಸಿಕ್ಕಿದ್ದರಿಂದ ಕೊನೆಯ ನಿಮಿಷಗಳ ಚಿತ್ರಣ ದೊರೆಯಿತು. ಎಂಜಿನ್ನಿನ ಶಕ್ತಿಯನ್ನು ಮೇಲಿನ ರೆಕ್ಕೆಗಳಿಗೆ ಸಾಗಿಸುವ ಗೇರು ವ್ಯವಸ್ಥೆಯ ತೈಲದ ಒತ್ತಡ ಕುಸಿದಿದೆಯೆಂಬ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಅದಕ್ಕೆ ಪರಿಹಾರವೇನೆಂದು ಕೈಪಿಡಿಯಲ್ಲಿ ಹುಡುಕುವುದರಲ್ಲಿ ಇಬ್ಬರು ಪೈಲಟ್‌ಗಳೂ ಆರು ನಿಮಿಷಗಳಿಗೂ ಹೆಚ್ಚು ಕಾಲ ತೊಡಗಿದ್ದರು. ಆ ಅವಧಿಯಲ್ಲಿ ಹೆಲಿಕಾಪ್ಟರ್ ಭಾರಿ ಮಳೆಮೋಡದೊಳಗೆ ಸಾಗುತ್ತಿತ್ತು. ಮೋಡದಲ್ಲಿನ ಪ್ರಬಲ ಕೆಳಗಾಳಿಗೆ ಸಿಕ್ಕಿ, ನಿಯಂತ್ರಣ ತಪ್ಪಿ, ಅತಿ ವೇಗವಾಗಿ ಕುಸಿದು ಬೆಟ್ಟಕ್ಕೆ ಅಪ್ಪಳಿಸಿತು ಎಂಬುದು ಸಮಿತಿಯ ನಿರ್ಣಯ. ದೀಪ ತೋರಿದ ದೋಷವೇ ಹೆಲಿಕಾಪ್ಟರನ್ನು ಕೆಡವಿತೆಂದು ಸಮಿತಿ ಹೇಳಲಿಲ್ಲ. ಹವಾಮಾನ ಕೆಟ್ಟಿದ್ದರೂ ಹಿಂದಿರುಗದೆ ಮುಂದುವರಿದದ್ದನ್ನು ಅದು ಮುಖ್ಯ ಲೋಪವೆಂದು ಪರಿಗಣಿಸಿತು. ವಿಧ್ವಂಸಕ ಕೃತ್ಯದ ಅನುಮಾನಗಳು ರಾಜಕೀಯ ಸಭೆಗಳಲ್ಲಿ ಆಗಾಗ ಕೇಳಿಬಂದರೂ ತನಿಖೆಯಲ್ಲಿ ಅದಕ್ಕೆ ಆಧಾರ ದೊರೆಯಲಿಲ್ಲ.

ಹೋಲುವ ಅಪಘಾತಗಳು

ಪ್ರಚಾರಕ್ಕಾಗಿಯೋ ಪ್ರವಾಸಕ್ಕಾಗಿಯೋ ಚಿಕ್ಕ ಹೆಲಿಕಾಪ್ಟರ್ ಏರಿದ ರಾಜಕಾರಣಿಗಳು ಬೆಟ್ಟಗಾಡಿನಲ್ಲಿ ಅಸುನೀಗಿದ ಉದಾಹರಣೆಗಳು ಹಲವು. 1997ರ ನವೆಂಬರ್‌ನಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವ ಎನ್. ವಿ. ಎನ್. ಸೋಮು ಅರುಣಾಚಲದ ತವಾಂಗ್ ಬಳಿ ಸೇನೆಯ ಚೀತಾ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. 2002ರ ಮಾರ್ಚ್‌ನಲ್ಲಿ ಲೋಕಸಭಾಧ್ಯಕ್ಷ ಜಿ. ಎಂ. ಸಿ. ಬಾಲಯೋಗಿ ಆಂಧ್ರದ ಕೈಕಲೂರಿನ ಬಳಿ ಮೃತರಾದರು; ಅದು ಮಾತ್ರ ಬಯಲುಸೀಮೆಯ ಘಟನೆ. ರಾಜಶೇಖರ ರೆಡ್ಡಿಯವರ ಮರಣಕ್ಕೆ ಐದು ತಿಂಗಳ ಹಿಂದೆ, ಮಾರ್ಚ್ 25, 2009ರಂದು, ತುರ್ಕಿಯ ರಾಜಕಾರಣಿ ಮುಹ್ಸಿನ್ ಯಾಜಿಜಿಒಗ್ಲು ಪ್ರಯಾಣಿಸುತ್ತಿದ್ದ ಲಘು ಹೆಲಿಕಾಪ್ಟರ್ ಹಿಮ ಮುಚ್ಚಿದ ಪರ್ವತಕ್ಕೆ ಬಿತ್ತು. ಅದರಲ್ಲಿದ್ದವರೊಬ್ಬರು ದೂರವಾಣಿಯಲ್ಲಿ ನೆರವು ಕೋರಿದರೂ ಸ್ಥಳವನ್ನು ಕಂಡುಹಿಡಿಯಲು ಎರಡು ದಿನ ಹಿಡಿಯಿತು. ಏಪ್ರಿಲ್ 30, 2011ರಂದು ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಾಂಡು ತವಾಂಗ್‌ನಿಂದ ಇಟಾನಗರಕ್ಕೆ ಒಂದೇ ಎಂಜಿನ್ನಿನ ಹೆಲಿಕಾಪ್ಟರಿನಲ್ಲಿ ಹೊರಟು ಕಾಣೆಯಾದರು. ಹಿಮಾವೃತ ಎತ್ತರದ ಪ್ರದೇಶದಲ್ಲಿ ಅದರ ಅವಶೇಷ ಸಿಕ್ಕಿದ್ದು ಐದನೆಯ ದಿನ. ಹಿಮವಾಗಲಿ ಮಳೆಕಾಡಾಗಲಿ, ಮೋಡ ಕವಿದಾಗ ಶೋಧದ ತೊಡಕು ಒಂದೇ ಬಗೆಯದು.

ಮರಣಾನಂತರ

ಹಣಕಾಸು ಸಚಿವರಾಗಿದ್ದ ಕೆ. ರೋಸಯ್ಯ ಸೆಪ್ಟೆಂಬರ್ 3ರಂದೇ ಮುಖ್ಯಮಂತ್ರಿಯಾದರು. ಸುದ್ದಿ ತಿಳಿದ ಆಘಾತದಿಂದ ಅನೇಕರು ಪ್ರಾಣ ಬಿಟ್ಟರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೆ. ಚಂದ್ರಶೇಖರ ರಾವ್ ಅವರ ಉಪವಾಸದಿಂದ ತೆಲಂಗಾಣ ಹೋರಾಟ ತೀವ್ರಗೊಂಡು, ಡಿಸೆಂಬರ್ 9, 2009ರಂದು ಕೇಂದ್ರ ಸರ್ಕಾರ ಪ್ರತ್ಯೇಕ ರಾಜ್ಯದ ಪ್ರಕ್ರಿಯೆಯನ್ನು ಘೋಷಿಸಿತು. 2014ರಲ್ಲಿ ರಾಜ್ಯ ವಿಭಜನೆಯಾಯಿತು. ಅವರು ಬದುಕಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಮಾತು ಆಂಧ್ರದಲ್ಲಿ ಸಾಮಾನ್ಯ, ತೆಲಂಗಾಣದಲ್ಲಿ ಅದನ್ನು ಒಪ್ಪುವವರು ಕಡಿಮೆ.

ತಂದೆಯ ಸಾವಿನ ಆಘಾತದಲ್ಲಿ ಮಡಿದರೆನ್ನಲಾದವರ ಕುಟುಂಬಗಳನ್ನು ಭೇಟಿ ಮಾಡಲು ಜಗನ್ ಮೋಹನ್ ರೆಡ್ಡಿ ಓದಾರ್ಪು ಯಾತ್ರೆ ಕೈಗೊಂಡರು. ಕಾಂಗ್ರೆಸ್ ವರಿಷ್ಠರು ಅದನ್ನು ಒಪ್ಪದಿದ್ದಾಗ ಪಕ್ಷ ತೊರೆದು 2011ರಲ್ಲಿ ವೈಎಸ್ಆರ್ ಕಾಂಗ್ರೆಸ್ ಸ್ಥಾಪಿಸಿದರು. 2019ರಿಂದ 2024ರವರೆಗೆ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದರು. 2010ರಲ್ಲಿ ಕಡಪ ಜಿಲ್ಲೆಗೆ ರಾಜಶೇಖರ ರೆಡ್ಡಿಯವರ ಹೆಸರಿಡಲಾಯಿತು. ಅಪಘಾತ ನಡೆದ ಕಾಡಿನ ಅಂಚಿನಲ್ಲಿ, ಆತ್ಮಕೂರು ಬಳಿಯ ನಲ್ಲಕಾಲ್ವ ಗ್ರಾಮದಲ್ಲಿ, ವೈಎಸ್ಆರ್ ಸ್ಮೃತಿವನಂ ಎಂಬ ಸಸ್ಯೋದ್ಯಾನವಿದೆ. ಅಲ್ಲಿನ ಗೋಪುರದ ಮೇಲಿಂದ ನೋಡಿದರೆ ನಲ್ಲಮಲದ ಬೆಟ್ಟಸಾಲು ಕಾಣುತ್ತದೆ.